ಅಖ್ತರಿಯ ಮೂಗು

ಲಕ್ಷ್ಮೇಶ್ವರದಲ್ಲಿ ಅಖ್ತರಿ ಎಂಬ ಹೆಸರಿನ ಹೆಂಗಸರು ಬೇಕಾದಷ್ಟು ಮಂದಿ ಇದ್ದಾರು. ಆದರೆ ‘ಮೂಗಿನ ಅಖ್ತರಿ’ ಎಂದರೆ ಒಬ್ಬಳೇ. ಕಂಡವರು ತಿರುಗಿ ನೋಡುವಂಥ ಮೂಗೇನಲ್ಲ ಅದು, ಒಂದು ಸಣ್ಣ ನತ್ತು ಹೊತ್ತ ಸಾದಾ ಮೂಗು. ಅದು ಮಾಡುವ ಕೆಲಸ ಮಾತ್ರ ಸಾದಾ ಇರಲಿಲ್ಲ. ಗಂಡ ಲಾಡಸಾಬ ಮದುವೆಮನೆಗಳಿಗೆ ಅಡುಗೆಯ ದೊಡ್ಡ ಪಾತ್ರೆಗಳನ್ನು ಬಾಡಿಗೆಗೆ ಕೊಡುವವ. ಪಾತ್ರೆಗಳ ಬೆನ್ನಿಗೆ ಅಖ್ತರಿಯೂ ಹೋಗುವಳು. ಶಿರಹಟ್ಟಿಯಿರಲಿ, ಮುಂಡರಗಿಯಿರಲಿ, ಬಿರಿಯಾನಿಯ ಮುಚ್ಚಳ ತೆಗೆಯುವ ಹೊತ್ತಿಗೆ ಅಡುಗೆಯವರು ಅವಳನ್ನು ಕರೆಯಲೇಬೇಕು. ಅವಳು ಸೆರಗು ಸರಿಸಿ, ಬಗ್ಗಿ, ಉಗಿಯನ್ನು ಒಂದು ಸಲ ಒಳಗೆ ಎಳೆದುಕೊಂಡು "ಉಪ್ಪು ಕಮ್ಮಿ ಬಿದ್ದೈತಿ" ಎಂದರೆ ಕಮ್ಮಿಯೇ. ಉಪ್ಪಿಗೆ ವಾಸನೆ ಎಲ್ಲಿಂದ ಬಂತು ಎಂದು ಕೇಳುವ ಶಾಣ್ಯಾರೂ ಇದ್ದರು. "ನಿಮ್ಮ ಮೂಗು ಬರೇ ನೆಗಡಿಗೆ ಐತಿ ಬಿಡ್ರಿ" ಎಂದು ಅವಳು ಅವರ ಬಾಯಿ ಮುಚ್ಚಿಸುತ್ತಿದ್ದಳು.

ಆ ಮೂಗು ಸತ್ತು ಎರಡು ವರ್ಷವಾಗಿತ್ತು.

ಊರಿಗೆಲ್ಲ ಕರೋನಾ ಬಂದಾಗ ಅವಳಿಗೂ ಬಂತು, ಹೋಯಿತು. ಜ್ವರ ಬಿಟ್ಟ ದಿನ ಚಹಾದ ಲೋಟ ಮುಖದ ಹತ್ತಿರ ಹಿಡಿದರೆ ಬರೀ ಬಿಸಿ ತಾಗಿತು, ಚಹಾ ತಾಗಲಿಲ್ಲ. ನಾಳೆ ಬಂದೀತು, ನಾಡಿದ್ದು ಬಂದೀತು ಎಂದು ಕಾದಳು. ಊರಿನ ಮಂದಿಗೆಲ್ಲ ಹೋದ ವಾಸನೆ ತಿರುಗಿ ಬಂತು, ಅವಳಿಗೆ ಬರಲಿಲ್ಲ. ಯಾರಿಗೂ ಹೇಳಲಿಲ್ಲ. ಹೇಳಿ ಏನು ಉಳಿಸಿಕೊಳ್ಳಬೇಕು? ಶಾಲೆಯ ಮೆಟ್ಟಿಲು ಹತ್ತಿದವಳಲ್ಲ, ಆಸ್ತಿ ಇಲ್ಲ, ರೂಪವೂ ಅಷ್ಟಕ್ಕಷ್ಟೇ. ನಾಲ್ಕು ತಾಲ್ಲೂಕಿನಲ್ಲಿ ಜನ ಎದ್ದು ನಿಂತು ಜಾಗ ಬಿಡುತ್ತಿದ್ದದ್ದು ಆ ಮೂಗಿಗೆ.

ಹಾಗಾಗಿ ಅವಳು ಮುಚ್ಚಳದ ಮೇಲೆ ಬಗ್ಗುವುದನ್ನು ಬಿಡಲಿಲ್ಲ. ಉಗಿ ಎಳೆದುಕೊಳ್ಳುತ್ತ ಅಡುಗೆಯವನ ಕಣ್ಣು ನೋಡುತ್ತಿದ್ದಳು. ಅವನು ಉಗುಳು ನುಂಗಿದರೆ ಏನೋ ಕೊರತೆ ಇದೆ ಎಂದು ಅರ್ಥ. "ಏನೋ ಒಂದು ಕಮ್ಮಿ ಐತಿ, ನೀನಽ ಹೇಳು" ಎಂದು ಗದರಿದರೆ ಅವನೇ ಬಾಯಿಬಿಟ್ಟು ಹೇಳುತ್ತಿದ್ದ. ಹೀಗೆ ಎರಡು ವರ್ಷ ಸುಸೂತ್ರ ನಡೆಯಿತು. ಮನೆಯಲ್ಲಿ ಮಾತ್ರ ಸಿಟ್ಟು ಜಾಸ್ತಿಯಾಯಿತು. ಯಾರಾದರೂ ಅಡುಗೆಯ ಬಗ್ಗೆ ಅರ್ಧ ಮಾತು ಆಡಿದರೂ ಸಾಕು, ಅವಳು ಒಲೆಯ ಮುಂದಿನಿಂದ ಎದ್ದು ಬರುತ್ತಿದ್ದ ರೀತಿಗೆ ಬೆಕ್ಕೂ ಹೊರಗೆ ಓಡುತ್ತಿತ್ತು.

ಇಂಥ ಮನೆಗೆ ಬೆಟಗೇರಿಯಿಂದ ಸೊಸೆಯಾಗಿ ಬಂದವಳು ಮಹೆಕ. ಮಗ ಜಾವೀದನ ಹೆಂಡತಿ. ಹುಡುಗಿ ಕೆಲಸದಲ್ಲಿ ಚುರುಕು, ಮಾತಿನಲ್ಲಿ ಮೆತ್ತಗೆ. ಅವಳಿಗೆ ಇದ್ದ ಹುಚ್ಚು ಒಂದೇ, ಹೂವಿನದು. ತವರಿನಿಂದ ಒಂದು ಚೀಲದಲ್ಲಿ ಲಿಲ್ಲಿಯ ಗಡ್ಡೆಗಳನ್ನು ತಂದು, ಹಿತ್ತಲಿನಲ್ಲಿ ಒಡೆದ ಕೊಡಗಳಿಗೆ ಮಣ್ಣು ತುಂಬಿ ನೆಟ್ಟಳು. ಅವುಗಳ ಪಕ್ಕದಲ್ಲೇ ಅಖ್ತರಿಯ ಉಳ್ಳಾಗಡ್ಡಿಯ ಮಡಿ. ಅತ್ತೆಗೆ ಅವತ್ತಿನಿಂದ ಹೊಸ ಕೆಲಸ ಸಿಕ್ಕಿತು, ಎರಡನ್ನೂ ತೂಗುವುದು.

"ಇದು ಯಾವಾಗ ಹೂ ಬಿಡತೈತಿ?"

"ಮಳಿ ಬಿದ್ದ ಮ್ಯಾಲ ಅಮ್ಮೀ. ಗುಲಾಬಿ ಬಣ್ಣ. ಭಾಳ ಛಂದ ಕಾಣತಾವ್ರಿ."

"ಮಳಿ ಬೀಳೂತನಾ ಏನ ಮಾಡತೈತಿ?"

"ಸುಮ್ಮನ ಇರತೈತ್ರಿ."

"ನನ್ನ ಉಳ್ಳಾಗಡ್ಡಿ ಸುಮ್ಮನ ಇರೂದಿಲ್ಲವ್ವಾ. ತಪ್ಪಲಾ ಇದ್ದಾಗ ಪಲ್ಯಕ್ಕ ಬರತೈತಿ, ಗಡ್ಡಿ ಆದ ಮ್ಯಾಲ ರೊಟ್ಟಿಗೆ ಬರತೈತಿ. ನಿನ್ನ ಹೂ ನೋಡಿ ನಿನ್ನ ಮಾವನ ಹೊಟ್ಟಿ ತುಂಬತೈತೇನು?"

ಮಹೆಕ ನಕ್ಕುಬಿಡುತ್ತಿದ್ದಳು. ಹೂವಿಗೂ ಉಳ್ಳಾಗಡ್ಡಿಗೂ ಸ್ಪರ್ಧೆ ಇದೆಯೆಂದು ಅವಳಿಗೆ ಅನ್ನಿಸಿರಲಿಲ್ಲ. ಅಖ್ತರಿಗೆ ಅನ್ನಿಸಿತ್ತು. ಚಳಿಗಾಲದಲ್ಲಿ ಒಂದು ದಿನ ಪುದೀನಾ ಹಚ್ಚಲು ಕೊಡ ಬೇಕೆಂದು ಅವಳು ಲಿಲ್ಲಿಗಳನ್ನು ಬುಡಸಮೇತ ಕಿತ್ತು ಹಿತ್ತಲಿನ ಗೋಡೆಯ ಕಡೆ ಬಿಸಾಕಿದಳು. ಸೊಸೆ ಒಂದೊಂದನ್ನೇ ಆರಿಸಿಕೊಂಡು ಬಂದು, ನೀರು ಹೋಗುವ ಜಾಗವೆಂದು ಉಳ್ಳಾಗಡ್ಡಿ ಮಡಿಯ ಗೋಡೆಬದಿಯ ತುದಿಯಲ್ಲಿ ಊರಿದಳು. ಅವು ಹತ್ತಿಕೊಂಡವು. ತೆಳ್ಳಗೆ, ಉದ್ದಕ್ಕೆ, ಹಸಿರು ಎಲೆ. ಬುಡದಲ್ಲಿ ಬಿಳಿಯ ಪುಟ್ಟ ಗಡ್ಡೆ. ಉಳ್ಳಾಗಡ್ಡಿಯ ತಪ್ಪಲಿನ ಪಕ್ಕ ನಿಂತರೆ ಅಕ್ಕತಂಗಿಯರು ಎನ್ನಬೇಕು, ಹಾಗಿದ್ದವು.

"ಅಮ್ಮೀ, ಗ್ವಾಡಿ ಕಡೆದ್ದು ಕೀಳಬ್ಯಾಡ್ರಿ. ಅವು ಉಳ್ಳಾಗಡ್ಡಿ ಅಲ್ಲ. ಹೊಟ್ಟ್ಯಾಗ ಹೋದ್ರ ತ್ರಾಸ ಆಗತೈತಂತ ನಮ್ಮ ಅವ್ವ ಹೇಳ್ಯಾಳ."

"ಉಳ್ಳಾಗಡ್ಡಿ ಯಾವುದು, ಹುಲ್ಲು ಯಾವುದು, ನನಗ ಗೊತ್ತಾಗೂದಿಲ್ಲೇನು? ನನಗ ಮೂಗಿಲ್ಲೇನು?"

ಮೂಗು ಇದ್ದ ಕಾಲದಲ್ಲಿ ಅವಳು ಈ ಮಾತನ್ನು ಇಷ್ಟು ಜೋರಾಗಿ ಆಡುತ್ತಿರಲಿಲ್ಲ.

ಆ ವರ್ಷ ರಮಜಾನ್ ಬೇಸಿಗೆಯ ಬಾಯಿಗೆ ಬಂತು. ಉಪವಾಸದ ತಿಂಗಳಲ್ಲಿ ಓಣಿಯ ಮಸೀದಿಗೆ ಸಂಜೆಯ ತಿನಿಸು ಕಳಿಸುವುದಕ್ಕೆ ಮನೆಮನೆಗೆ ಪಾಳಿ ಇರುತ್ತದೆ. ಅಡುಗೆ ಮಾಡುವವರೂ ಉಪವಾಸವೇ, ನಾಲಿಗೆಗೆ ಇಡುವ ಹಾಗಿಲ್ಲ. ಬೇರೆ ಮನೆಯ ಹೆಂಗಸರು ಕಣ್ಣಳತೆಯಲ್ಲಿ ಉಪ್ಪು ಹಾಕಿ ದೇವರ ಮೇಲೆ ಭಾರ ಹಾಕುತ್ತಿದ್ದರು. ಅಖ್ತರಿಯ ಮನೆಯಲ್ಲಿ ಮೂಗು ಇತ್ತು. ಆದರೂ ಅವಳು ಪ್ರತಿ ವರ್ಷ ಪಾಳಿಯ ದಿನ ಪಕ್ಕದ ಮನೆಯ ಮುತ್ತವ್ವನನ್ನು ರುಚಿ ನೋಡಲು ಕರೆಯುತ್ತಿದ್ದಳು. ಮುತ್ತವ್ವ ಬೆಳ್ಳಟ್ಟಿಯ ಹೆಣ್ಣು. ಇಬ್ಬರೂ ಒಂದೇ ವರ್ಷ ಈ ಓಣಿಗೆ ಮದುವೆಯಾಗಿ ಬಂದವರು. ಒಬ್ಬರ ಬಾಣಂತನ ಇನ್ನೊಬ್ಬರು ಮಾಡಿದವರು. ಖರೆ ಹೇಳಬೇಕೆಂದರೆ ಮುತ್ತವ್ವನನ್ನು ಕರೆಯುತ್ತಿದ್ದದ್ದು ಪರೀಕ್ಷೆಗಲ್ಲ, ಸಾಕ್ಷಿಗೆ. ಅಖ್ತರಿ ಮುಚ್ಚಳ ತೆಗೆದು ಮೂಸಿ "ಬರೋಬ್ಬರಿ ಐತಿ" ಎನ್ನುವುದು, ಮುತ್ತವ್ವ ಒಂದು ತುತ್ತು ತಿಂದು "ಹೂಂ" ಎನ್ನುವುದು, ಆಮೇಲೆ ಇಬ್ಬರೂ ಓಣಿಯ ಸುದ್ದಿ ಮಾತಾಡುತ್ತ ಕೂರುವುದು.

ಪಾಳಿಗೆ ಇನ್ನೊಂದು ವಾರವಿರುವಾಗ ಮನೆಯಲ್ಲಿ ಜಗಳವಾಯಿತು. ಬೆಳಗಿನ ಜಾವದ ಊಟಕ್ಕೆ ಕೂತಾಗ ಮಹೆಕ ಮೆಲ್ಲಗೆ "ಅಮ್ಮೀ, ಬ್ಯಾಳಿ ಸ್ವಲ್ಪ ಸೀದೈತಿ ಅನಸತೈತ್ರಿ" ಎಂದಳು. ಅಷ್ಟೇ. ಅಖ್ತರಿ ತಟ್ಟೆ ಸರಿಸಿದಳು. ಬೇಳೆಯಿಂದ ಶುರುವಾದ ಮಾತು ಬೆಟಗೇರಿಯವರ ಅಡುಗೆಗೆ ಹೋಯಿತು, ಅಲ್ಲಿಂದ ಹೂವಿನ ಗಿಡಗಳಿಗೆ ಹೋಯಿತು, ಹೂ ಬೆಳೆಸಿ ಹೊಟ್ಟೆ ಹೊರೆಯುವವರು ಬೇಳೆ ಬೇಯಿಸುವವರಿಗೆ ಬುದ್ಧಿ ಹೇಳಬೇಕೇ ಎಂಬಲ್ಲಿಗೆ ಬಂತು. ಮಹೆಕ ಅಳುತ್ತ ಬಟ್ಟೆ ಕಟ್ಟಿಕೊಂಡಳು. ಜಾವೀದ ಅವಳನ್ನು ಬೈಕಿನ ಮೇಲೆ ಕೂರಿಸಿಕೊಂಡು ಬೆಟಗೇರಿಗೆ ಬಿಟ್ಟು ಬಂದ. ಅಖ್ತರಿ ತಡೆಯಲಿಲ್ಲ. ಬೇಳೆ ಖರೇನೇ ಸೀದಿತ್ತೇ ಎಂದು ಯಾರನ್ನು ಕೇಳಬೇಕೋ ಅವಳಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ.

ಪಾಳಿಯ ದಿನ ಅವಳು ಒಬ್ಬಳೇ. ತಪ್ಪಲಿನ ಭಜಿ ಮಾಡುವುದೆಂದು ನಿಶ್ಚಯವಾಗಿತ್ತು. ಉಳ್ಳಾಗಡ್ಡಿಯ ಹಸಿ ತಪ್ಪಲನ್ನು, ಅಂದರೆ ಸೊಪ್ಪನ್ನು, ಬುಡದ ಎಳೆಗಡ್ಡೆಯ ಸಮೇತ ಹೆಚ್ಚಿ, ಕಡಲೆಹಿಟ್ಟು, ಹಸಿಮೆಣಸಿನಕಾಯಿ, ಅಜವಾನ ಹಾಕಿ ಕರಿಯುವುದು. ಅಖ್ತರಿಯ ಕೈಯ ತಪ್ಪಲ ಭಜಿಗೆ ಓಣಿ ವರ್ಷವಿಡೀ ಕಾಯುತ್ತಿತ್ತು. ಮಧ್ಯಾಹ್ನದ ನಮಾಜು ಮುಗಿಸಿ ಅವಳು ಮಡಿಗೆ ಇಳಿದಳು. ಗಂಟಲು ಒಣಗಿತ್ತು, ಬಿಸಿಲು ನೆತ್ತಿ ಸುಡುತ್ತಿತ್ತು. ಕೀಳುತ್ತ ಕೀಳುತ್ತ ಸಾಲು ಮುಗಿಯಿತು, ಬುಟ್ಟಿ ತುಂಬಲಿಲ್ಲ. ಮಸೀದಿ ತುಂಬ ಮಂದಿ, ಸಾಲದೇ ಹೋದರೆ ಮಾನ ಹೋಗುತ್ತದೆ. ಗೋಡೆಯ ಬದಿಗೆ ಇನ್ನೂ ಹಸಿರು ಕಾಣುತ್ತಿತ್ತು. ಸೊಸೆ ಹೇಳಿದ್ದು ನೆನಪಿರಲಿಲ್ಲವೇ? ಇತ್ತು. ಆದರೆ ಗೋಡೆಯ ಬದಿಯೆಂದರೆ ಎಲ್ಲಿಂದ ಎಲ್ಲಿಯವರೆಗೆ? ಎಲ್ಲಿ ಉಳ್ಳಾಗಡ್ಡಿ ಮುಗಿದು ಎಲ್ಲಿ ಹೂವು ಶುರುವಾಯಿತು? ಅವಳು ಒಂದು ಎಲೆ ಮುರಿದು ಹಳೆಯ ಚಾಳಿಯಂತೆ ಮೂಗಿಗೆ ಹಿಡಿದಳು. ಏನೂ ಇಲ್ಲ. ಬುಟ್ಟಿಯಲ್ಲಿದ್ದ ತಪ್ಪಲನ್ನು ಹಿಡಿದಳು. ಅಲ್ಲಿಯೂ ಏನೂ ಇಲ್ಲ. ಎರಡೂ ಒಂದೇ ಥರ ಅಂದಮೇಲೆ ಎರಡೂ ಉಳ್ಳಾಗಡ್ಡಿಯೇ ಎಂದು ತನಗೆ ತಾನೇ ಹೇಳಿಕೊಂಡು ಕಿತ್ತಳು. ಸೊಸೆ ಹೂವನ್ನು ಇನ್ನೂ ಆಚೆ, ಆ ಮೂಲೆಯಲ್ಲಿ ಹಚ್ಚಿರಬೇಕು ಎಂದು ಮೂಲೆಯ ಒಂದು ಹಿಡಿಯನ್ನು ಹಾಗೇ ಬಿಟ್ಟಳು. ಅಷ್ಟು ಬಿಟ್ಟದ್ದಕ್ಕೆ ಅವಳಿಗೆ ಸಮಾಧಾನವೂ ಆಯಿತು.

ಬಿಸಿಲು ಇಳಿಯುವ ಹೊತ್ತಿಗೆ ಮೊದಲ ಸುತ್ತಿನ ಭಜಿಗಳು ಎಣ್ಣೆಯಿಂದ ಮೇಲೆದ್ದವು. ಅಖ್ತರಿ ಗೋಡೆಯಾಚೆ ಕೂಗಿ ಮುತ್ತವ್ವನನ್ನು ಕರೆದಳು. ಮುತ್ತವ್ವ ಕೈ ಒರೆಸಿಕೊಳ್ಳುತ್ತ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಅಖ್ತರಿ ಒಂದು ಭಜಿ ಕೊಟ್ಟು, ಭಜಿ ಎತ್ತುವ ತೂತಿನ ಸೌಟನ್ನು ಕೈಯಲ್ಲಿ ಹಿಡಿದು, ಅವಳ ಮುಖವನ್ನೇ ನೋಡುತ್ತ ನಿಂತಳು.

ಮುತ್ತವ್ವ ಕಚ್ಚಿದಳು. ಅಗಿದಳು. ಅಗಿಯುವುದು ಒಂದು ಕ್ಷಣ ನಿಂತಂತೆ ಆಯಿತು, ಮತ್ತೆ ಶುರುವಾಯಿತು. ನುಂಗಿದಳು.

"ಹ್ಯಾಂಗೈತಿ?"

"ಚಲೋ ಆಗೇತಿ."

"ಉಪ್ಪು?"

"ಬರೋಬ್ಬರಿ ಐತಿ."

ಅಖ್ತರಿ ಖುಷಿಯಲ್ಲಿ ಇನ್ನೊಂದು ಭಜಿಯನ್ನು ಅವಳ ಕೈಗಿಟ್ಟಳು. ಮುತ್ತವ್ವ ಅದನ್ನು ನೋಡಿದಳು, ಅಖ್ತರಿಯನ್ನು ನೋಡಿದಳು, ತಿಂದಳು. ಮನೆಯಲ್ಲಿ ಎಮ್ಮೆಗೆ ನೀರು ಕುಡಿಸಬೇಕು ಎಂದು ಅವತ್ತು ಸುದ್ದಿ ಮಾತಾಡಲು ಕೂರದೆ ಹೋದಳು. ಭಜಿ ಪೂರಾ ಆದ ಮೇಲೆ ಜಾವೀದ ಪಾತ್ರೆಯನ್ನು ಬಟ್ಟೆಯಿಂದ ಮುಚ್ಚಿ, ಗೆಳೆಯನೊಬ್ಬನ ಕೈಗೊಂದು ಕಡೆ ಹಿಡಿಸಿ ಮಸೀದಿಗೆ ಒಯ್ದ. ಲಾಡಸಾಬ ಆಗಲೇ ಅಲ್ಲಿಗೆ ಹೋಗಿದ್ದ.

ಅಖ್ತರಿ ಒಲೆ ಒರೆಸುತ್ತಿದ್ದಳು. ಬಾಗಿಲಲ್ಲಿ ಮುತ್ತವ್ವನ ಗಂಡ ಫಕ್ಕೀರಪ್ಪ ಬಂದು ನಿಂತ. ಆತ ಎಂದೂ ಅಡುಗೆಮನೆಯ ಬಾಗಿಲಿಗೆ ಬರುವವನಲ್ಲ.

"ಅಖ್ತರಿಬೀ, ಆಕಿ ನಿಮ್ಮ ಮನ್ಯಾಗ ಏನ ತಿಂದ್ಲು?"

"ಭಜಿ. ಯಾಕಣ್ಣಾ?"

"ಬಂದಾಗಿಂದ ವಾಂತಿ ಮಾಡಾಕತ್ತಾಳ. ಈಗ ಹೊಟ್ಟ್ಯಾಗ ಏನೂ ಉಳಿದಿಲ್ಲ, ಆದರೂ ನಿಂದ್ರವಲ್ದು. ಮಾತಾಡಿಸಿದ್ರ ಕಣ್ಣ ತಗೀವಲ್ಲಳು."

ಒರೆಸುವ ಬಟ್ಟೆ ಅವಳ ಕೈಯಲ್ಲೇ ಉಳಿಯಿತು. ಎಣ್ಣೆ ಹೊಸದು, ಹಿಟ್ಟು ಮನೆಯದು. ಹಾಗಾದರೆ? ಅವಳ ಕಣ್ಣು ಮೂಲೆಯಲ್ಲಿದ್ದ ಬುಟ್ಟಿಯ ಮೇಲೆ ಬಿತ್ತು. ಹೆಚ್ಚದೆ ಉಳಿದ ಒಂದಿಷ್ಟು ತಪ್ಪಲು ಅದರಲ್ಲಿತ್ತು. ಕೈ ಹಾಕಿ ಮೇಲೆತ್ತಿದಳು, ಮೂಗಿಗೆ ಒತ್ತಿ ಹಿಡಿದಳು, ಎಲೆಯನ್ನು ಉಗುರಿನಿಂದ ಜಜ್ಜಿ ಮತ್ತೆ ಹಿಡಿದಳು. ಮುತ್ತವ್ವನ ಜೀವ ಆ ವಾಸನೆಯಲ್ಲಿತ್ತು, ಅವಳಿಗೆ ಆ ವಾಸನೆ ಸಿಗಲಿಲ್ಲ. ಎರಡು ವರ್ಷ ಯಾರ ಎದುರೂ ಹೇಳದ್ದನ್ನು ಈ ಮನುಷ್ಯನ ಎದುರು ಕೈಯಾರೆ ಚಾಚಬೇಕಾಯಿತು.

"ಇದನ್ನ ಮೂಸಿ ನೋಡಣ್ಣಾ."

ಫಕ್ಕೀರಪ್ಪ ಅರ್ಥವಾಗದೆ ನೋಡಿದ. "ನಾ ಏನ ಮೂಸಲಿ? ನೀವ ಇದ್ದೀರಲ್ಲ."

"ನೀ ನೋಡು. ಜಲ್ದಿ."

ಆತ ಒಂದೊಂದೇ ಎಳೆ ತೆಗೆದು ಮೂಸಿದ. "ಇದು ಉಳ್ಳಾಗಡ್ಡಿ. ಇದೂ ಉಳ್ಳಾಗಡ್ಡಿ." ಮೂರನೆಯದಕ್ಕೆ ನಿಂತ. ಜಜ್ಜಿ ಮತ್ತೆ ಮೂಸಿದ. "ಇದಕ್ಕ ಉಳ್ಳಾಗಡ್ಡಿ ವಾಸನೀನ ಇಲ್ಲ. ಇದು ಯಾವುದೋ ಹುಲ್ಲು." ತಲೆಯೆತ್ತಿ ಅವಳನ್ನು ನೋಡಿದ. "ಅಖ್ತರಿಬೀ, ನಿಮಗ ಗೊತ್ತಾಗಲಿಲ್ಲೇನು?"

ಅವಳು ಬುಟ್ಟಿಯನ್ನೇ ಎತ್ತಿ ಅವನ ಕೈಗಿಟ್ಟಳು. "ಆಟೋ ತರಿಸಿ ದವಾಖಾನಿಗೆ ಒಯ್ಯಿ. ಈ ಗಿಡಾನೂ ತೊಗೊಂಡು ಹೋಗು. ಇದು ಹೂವಿನ ಗಿಡ, ಲಿಲ್ಲಿ, ಇದರ ಗಡ್ಡಿ ಹೊಟ್ಟ್ಯಾಗ ಹೋಗೇತಿ ಅಂತ ಡಾಕ್ಟರಿಗೆ ಹೇಳು" ಎಂದಳು. ಹೇಳುತ್ತಿದ್ದ ಹಾಗೆಯೇ ಅವಳ ಕಣ್ಣಿಗೆ ಖಾಲಿ ಒಲೆಯ ಪಕ್ಕದ ಜಾಗ ಕಂಡಿತು. ಪಾತ್ರೆ ಇರಲಿಲ್ಲ. ಪಾತ್ರೆ ಮಸೀದಿಯಲ್ಲಿತ್ತು.

ಜಾವೀದನಿಗೆ ಫೋನು ಹಚ್ಚಿದಳು. ಅದು ಒಳಗಿನ ಕೋಣೆಯಲ್ಲಿ ಚಾರ್ಜಿಗಿಟ್ಟಲ್ಲೇ ಬಾರಿಸಿತು. ಲಾಡಸಾಬ ಫೋನು ಇಟ್ಟುಕೊಂಡವನೇ ಅಲ್ಲ. ಹೊರಗೆ ನೆರಳು ಉದ್ದವಾಗಿ ಬಿದ್ದಿತ್ತು. ಅಜಾನ್ ಆಗುವುದಕ್ಕೆ ಹೆಚ್ಚು ಹೊತ್ತಿರಲಿಲ್ಲ. ಅಜಾನ್ ಆದ ಗಳಿಗೆಗೆ ಬೆಳಗಿನಿಂದ ಹನಿ ನೀರು ಮುಟ್ಟದ ಮುದುಕರು, ಹರೆಯದವರು ಎಲ್ಲರ ಕೈ ಮೊದಲು ಖರ್ಜೂರಕ್ಕೆ, ಆಮೇಲೆ ಅವಳ ಭಜಿಗೆ ಹೋಗುತ್ತದೆ. ಒಂದಲ್ಲ, ಅಖ್ತರಿಯ ಭಜಿಯೆಂದು ನಾಲ್ಕು ನಾಲ್ಕು. ಎರಡು ತಿಂದ ಮುತ್ತವ್ವ ಕಣ್ಣು ತೆಗೆಯುತ್ತಿಲ್ಲ. ಅಖ್ತರಿ ಚಪ್ಪಲಿ ಮೆಟ್ಟದೆ ಓಡಿದಳು. ಮೈಗೆ ಬುರ್ಖಾ ಇರಲಿಲ್ಲ, ಕೈಗೆ ಹಿಟ್ಟು ಮೆತ್ತಿತ್ತು. ಓಣಿಯ ಹೆಂಗಸರು ಬಾಗಿಲಿಗೆ ಬಂದು ನೋಡಿದರು.

ಮಸೀದಿಯ ಅಂಗಳದಲ್ಲಿ ಗಂಡಸರು ಎದುರುಬದುರು ಸಾಲಾಗಿ ಕೂತಿದ್ದರು. ಪ್ರತಿಯೊಬ್ಬನ ಮುಂದೆಯೂ ಕಾಗದದ ತಟ್ಟೆ, ತಟ್ಟೆಯಲ್ಲಿ ಖರ್ಜೂರ, ಕಲ್ಲಂಗಡಿಯ ಹೋಳು, ಭಜಿ. ಅವಳು ಗೇಟಿನಲ್ಲಿ ನಿಂತಳು. ಅಲ್ಲಿಂದ ಒಳಗೆ ಅವಳು ಎಂದೂ ಹೋದವಳಲ್ಲ. ಗಂಡ ದೂರದ ಸಾಲಿನಲ್ಲಿ ಬೆನ್ನು ಹಾಕಿ ಕೂತಿದ್ದ. "ಏನ್ರಿ" ಎಂದರೆ ಯಾರು ತಿರುಗುತ್ತಾರೆ? ಅಲ್ಲಿದ್ದವರೆಲ್ಲ ಯಾರೋ ಒಬ್ಬಳ ‘ಏನ್ರಿ’ಯೇ.

"ಲಾಡಸಾಬ" ಎಂದು ಕೂಗಿದಳು.

ಮದುವೆಯಾದಾಗಿನಿಂದ ಅವಳ ಬಾಯಲ್ಲಿ ಬರದ ಹೆಸರು ಅದು. ಅಂಗಳ ಪೂರಾ ತಿರುಗಿ ನೋಡಿತು. ಲಾಡಸಾಬ ಎದ್ದು ನಿಂತ, ಆದರೆ ಕಾಲು ಮುಂದಿಡಲಿಲ್ಲ. ಹೆಂಡತಿ ತನ್ನ ಹೆಸರು ಹಿಡಿದು ಕರೆದಳೆಂದರೆ ಮನೆಯಲ್ಲಿ ಯಾರೋ ಸತ್ತಿದ್ದಾರೆ ಎಂದೇ ಅವನು ತಿಳಿದ.

"ಭಜಿ ಯಾರೂ ತಿನಬ್ಯಾಡ್ರಿ" ಎಂದಳು ಅಖ್ತರಿ. "ಅದರಾಗ ತಿನ್ನಬಾರದ ಗಡ್ಡಿ ಬಿದ್ದೈತಿ. ಮುತ್ತವ್ವ ತಿಂದು ಬಿದ್ದಾಳ."

ಮಸೀದಿಯ ಉಸ್ತುವಾರಿ ನೋಡುವ ಹಿರಿಯ ಯಮನೂರಸಾಬ ಎದ್ದು ಬಂದ. ಗಾಬರಿಯಾದವಳನ್ನು ಸಮಾಧಾನ ಮಾಡುವ ಧ್ವನಿಯಲ್ಲಿ, "ಬಿಸಿಲಾಗ ಆಕಿಗೆ ಏನೋ ಆಗಿರಬೇಕು ಬೇಟಿ. ನಿನ್ನ ಕೈಯಾಗಿನ ಅಡಗಿ ಇದು, ನಿನ್ನ ಮೂಗಿನ ಕೆಳಗ ಆಗಿದ್ದು. ಇದರಾಗ ತಪ್ಪು ಹೋಗತೈತೇನು? ನಮಗ ಆ ಭರೋಸಾ ಐತಿ" ಎಂದ. ಸಾಲಿನಲ್ಲಿದ್ದ ನಾಲ್ಕಾರು ಮಂದಿ ಹೌದೆಂದು ತಲೆಯಾಡಿಸಿದರು. ಒಬ್ಬ ಹುಡುಗಾಟದ ಮನುಷ್ಯ, ಸೊಸೆ ಇಲ್ಲದ ಮನೆಯಲ್ಲಿ ಕೆಲಸ ಜಾಸ್ತಿಯಾಗಿ ಅಕ್ಕನಿಗೆ ತಲೆ ತಿರುಗಿದೆ ಎಂದು ನಕ್ಕ. ತಟ್ಟೆಯನ್ನು ಯಾರೂ ದೂರ ಸರಿಸಲಿಲ್ಲ.

ಅಖ್ತರಿಗೆ ಆಗ ಆದ ಧಕ್ಕೆ ಮುತ್ತವ್ವ ಬಿದ್ದಳೆಂದು ಕೇಳಿದಾಗಲೂ ಆಗಿರಲಿಲ್ಲ. ಅವಳು ಜೀವಕ್ಕಿಂತ ಹೆಚ್ಚಾಗಿ ಕಾಪಾಡಿಕೊಂಡು ಬಂದ ಹೆಸರೇ ಇಲ್ಲಿ ಅವಳ ಮಾತನ್ನು ಕೇಳಗೊಡುತ್ತಿರಲಿಲ್ಲ. ಅವಳ ಮೂಗನ್ನು ನಂಬಿ ಈ ಮಂದಿ ವಿಷ ತಿನ್ನಲು ತಯಾರಾಗಿ ಕೂತಿದ್ದರು.

"ನನಗ ಮೂಗಿಲ್ಲರಿ ಚಾಚಾ" ಎಂದಳು. "ಕರೋನಾ ಬಂದು ಹೋದಾಗಿಂದ ಇಲ್ಲ. ಎಣ್ಣಿ, ಹೂ, ಹೊಲಸು, ಯಾವ ವಾಸನೀನೂ ಬರೂದಿಲ್ಲ. ಉಳ್ಳಾಗಡ್ಡಿ ಯಾವುದು, ಹೂವಿನ ಗಡ್ಡಿ ಯಾವುದು ಅಂತ ಗೊತ್ತಾಗಲಾರದ ಎರಡನ್ನೂ ಕೂಡಿಸಿ ಹೆಚ್ಚೇನಿ. ಎರಡ ವರ್ಷ ನಿಮಗೆಲ್ಲಾ ಸುಳ್ಳ ಹೇಳಿದೆ. ಇದನ್ನ ತಿನಬ್ಯಾಡ್ರಿ."

ನಕ್ಕವನು ನೆಲ ನೋಡಿದ. ಯಮನೂರಸಾಬ ಮಾತ್ರ ಇನ್ನೂ ಅನುಮಾನದಲ್ಲಿ ಲಾಡಸಾಬನ ಕಡೆ ತಿರುಗಿದ, ಹೆಂಡತಿಗೆ ಏನಾಗಿದೆ ಎಂದು ಕೇಳುವವನ ಹಾಗೆ.

ಲಾಡಸಾಬ ಬಗ್ಗಿ ತನ್ನ ಮುಂದಿನ ತಟ್ಟೆಯ ಭಜಿಯನ್ನು ಎತ್ತಿ ಖಾಲಿ ಪಾತ್ರೆಗೆ ಹಾಕಿದ. "ಆಕಿ ಖರೆ ಹೇಳಾಕತ್ತಾಳ" ಎಂದ. "ನನಗ ಗೊತ್ತೈತಿ. ಹ್ವಾದ ವರ್ಷ ಅಡಗಿಮನ್ಯಾಗ ಗ್ಯಾಸ್ ಸೋರಾಕತ್ತಿತ್ತು. ಓಣಿ ತುಂಬ ವಾಸನಿ. ಆಕಿ ಅದರಾಗ ನಿಂತು ಕಡ್ಡಿಪೆಟ್ಟಿಗಿ ಹುಡಕಾಕತ್ತಿದ್ಲು."

ಅಷ್ಟು ಹೇಳಿ ಪಕ್ಕದವನ ತಟ್ಟೆಗೆ ಕೈ ಹಾಕಿದ. ಜಾವೀದನೂ ಎದ್ದ. ಆಮೇಲೆ ಸಾಲಿಗೆ ಸಾಲೇ ಎದ್ದು ಭಜಿಗಳನ್ನು ಪಾತ್ರೆಗೆ ಸುರಿಯಿತು. ಅಖ್ತರಿ ಗೇಟಿನ ಕಂಬ ಹಿಡಿದು ನಿಂತಿದ್ದಳು. ಅವತ್ತಿನ ದಿನ ಅವಳಿಗೆ ನೆನಪಾಯಿತು. ಗಂಡ ಒಳಗೆ ಬಂದು, ಸುಮ್ಮನೆ ಸಿಲಿಂಡರಿನ ಕಿವಿ ತಿರುವಿ, ಕಿಟಕಿ ತೆಗೆದು, ಇವತ್ತು ಸೆಕೆ ಭಾಳ ಐತಿ ಎಂದಿದ್ದ. ಅವತ್ತಿನಿಂದ ಪ್ರತಿ ರಾತ್ರಿ ಅವನೇ ಎದ್ದು ಹೋಗಿ ಸಿಲಿಂಡರು ಬಂದ್ ಮಾಡುತ್ತಿದ್ದ. ವಯಸ್ಸಾದ ಮೇಲೆ ಗಂಡಸಿಗೆ ಮನೆಯ ಮೇಲೆ ಕಾಳಜಿ ಬಂತು ಎಂದು ಅವಳು ಮುತ್ತವ್ವನ ಮುಂದೆ ಆಡಿಕೊಂಡು ನಕ್ಕಿದ್ದಳು. ಅಜಾನ್ ಆಯಿತು. ಗಂಡಸರು ಖರ್ಜೂರ ಬಾಯಿಗಿಟ್ಟು ನೀರು ಕುಡಿದರು. ಯಾರೋ ಅವಳ ಕೈಗೂ ಒಂದು ಲೋಟ ನೀರು ಕೊಟ್ಟರು.

ಮುತ್ತವ್ವ ಸಾಯಲಿಲ್ಲ. ತಂದ ಹೊತ್ತು ಚಲೋ ಇತ್ತು, ಏನು ತಿಂದಿದ್ದಾಳೆಂದು ಗೊತ್ತಿದ್ದದ್ದೂ ಚಲೋ ಆಯಿತು ಎಂದು ಡಾಕ್ಟರು ಹೇಳಿದರು. ಮೈಯ ನೀರೆಲ್ಲ ಹೋಗಿ ಬಾಡಿದ್ದವಳಿಗೆ ರಾತ್ರಿಯಿಡೀ ಬಾಟಲಿ ಏರಿಸಿದರು. ಬೆಳಗಾದ ಮೇಲೆ ಅಖ್ತರಿ ದವಾಖಾನೆಗೆ ಹೋದಳು. ಊರಿಗೆಲ್ಲ ಖಬರು ಹಬ್ಬಿತ್ತು. ದಾರಿಯಲ್ಲಿ ಜನ ಮಾತಾಡಿಸಿದರು, ಕೆಲವರು ಅಯ್ಯೋ ಎಂದರು, ಕೆಲವರು ಸುಮ್ಮನೆ ಅವಳ ಮೂಗನ್ನು ನೋಡಿದರು. ಅದೇನೂ ಅವಳು ಅಂಜಿದಷ್ಟು ಭಾರವಾಗಲಿಲ್ಲ. ಅವಳ ತಲೆಯಲ್ಲಿದ್ದದ್ದು ಬೇರೆ. ಅಡುಗೆಮನೆಯ ಬಾಗಿಲಲ್ಲಿ ಮುತ್ತವ್ವ ಅಗಿಯುವುದನ್ನು ಒಂದು ಕ್ಷಣ ನಿಲ್ಲಿಸಿದ್ದು.

ಮುತ್ತವ್ವ ಮಂಚದ ಮೇಲೆ ಚಿಕ್ಕವಳಾಗಿ ಕಾಣುತ್ತಿದ್ದಳು. ಫಕ್ಕೀರಪ್ಪ ಇವಳನ್ನು ನೋಡಿ ಸ್ಟೂಲು ಬಿಟ್ಟುಕೊಟ್ಟು ಹೊರಗೆ ಹೋದ.

"ಮಸೂತ್ಯಾಗ ಯಾರೂ ತಿನಲಿಲ್ಲಲ್ಲ?" ಎಂದು ಮುತ್ತವ್ವ ಮೊದಲು ಕೇಳಿದಳು.

"ಇಲ್ಲ."

"ಚಲೋ ಆತು."

ಅಖ್ತರಿ ಅವಳ ಅಂಗೈ ಹಿಡಿದು ಕೂತಳು. ಆಮೇಲೆ ಕೇಳಿದಳು. "ಕಹಿ ಇತ್ತೇನು?"

"ಇತ್ತು."

"ಮೊದಲನೇ ತುತ್ತಿಗೆ ಗೊತ್ತಾತೇನು?"

"ಗೊತ್ತಾತು."

"ಮತ್ತ ಉಗುಳಬಾರದಿತ್ತೇನ ಮುತ್ತವ್ವಾ?"

"ನೀ ನನ್ನ ಮಾರಿ ನೋಡಕೋತ ನಿಂತಿದ್ದಿ." ಮುತ್ತವ್ವನ ದನಿ ಒಣಗಿತ್ತು, ನಡುನಡುವೆ ನಿಲ್ಲುತ್ತಿತ್ತು. "ಮೊದಲ ನೀ ಹಂಗ ನೋಡತಿರಲಿಲ್ಲ. ಮುಚ್ಚಳಾ ತಗದು ನೀನಽ ಹೇಳತಿದ್ದಿ, ನಾ ಹೂಂ ಅಂತಿದ್ದೆ. ಎರಡ ವರ್ಷ ಆತು, ಮೂಸಿದಂಗ ಮಾಡಿ ನನ್ನ ಬಾಯಿ ನೋಡತಿ. ಆವಾಗಽ ತಿಳೀತು. ನೀ ಹೇಳವಲ್ಲಿ, ನಾ ಹ್ಯಾಂಗ ಕೇಳಲಿ? ಹ್ವಾದ ವರ್ಷದ ಪಲಾವಿನಾಗ ಉಪ್ಪಽ ಇರಲಿಲ್ಲ. ನೀ ನೀರ ತರಾಕ ಹೋದಾಗ ನಾ ಒಂದ ಹಿಡಿ ಹಾಕಿ ತಿರುವಿದೆ."

ಅಖ್ತರಿಗೆ ಆ ಪಲಾವು ನೆನಪಿತ್ತು. ಅದನ್ನು ಮಸೀದಿಯಲ್ಲಿ ಹೊಗಳಿದವರ ಹೆಸರುಗಳೂ ನೆನಪಿದ್ದವು.

"ಇದು ಬರೇ ಕಹಿ ಐತಿ ಅಂತ ತಿಳಕೊಂಡೆ" ಎಂದಳು ಮುತ್ತವ್ವ. "ಹಿಂಗ ಆಗತೈತಿ ಅಂತ ಗೊತ್ತಿದ್ರ ಹೇಳತಿದ್ದೆ. ಕಹಿ ಆದ್ರ ಆಗಲಿ, ಬೇಕಾದ್ರ ಗಂಡಸರಽ ಹೇಳಲಿ, ನನ್ನ ಬಾಯಿಂದ ಬ್ಯಾಡ ಅಂತ ನುಂಗಿದೆ."

"ಒಂದು ತಿಂದಿ, ಖರೆ. ಎರಡನೇದು ಯಾಕ ತಿಂದಿ? ಹೊಟ್ಟಿ ತುಂಬೈತಿ, ಒಲ್ಲೆ ಅನಬೇಕಿತ್ತು."

ಮುತ್ತವ್ವ ಅವಳ ಕಡೆ ತಿರುಗಿ ನೋಡಿದಳು. ಸಿಟ್ಟಿನಿಂದಲ್ಲ, ಇಷ್ಟು ವರ್ಷ ಜೊತೆಗಿದ್ದವಳಿಗೆ ಇದೂ ತಿಳಿಯದೇ ಎಂಬ ಹಾಗೆ.

"ಬ್ಯಾಳಿ ಸೀದೈತಿ ಅಂದಿದ್ದಕ್ಕ ಸೊಸೀನ ಬೆಟಗೇರಿಗೆ ಕಳಿಸಿದಿ ಅಖ್ತರಿ. ಕರಳಿನ ಮಗನ ಹೆಂಡತಿ ಆಕಿ. ನಾ ಯಾರು? ನಡುವ ಒಂದ ಗ್ವಾಡಿ ಐತಿ. ಒಲ್ಲೆ ಅಂದಿದ್ರ ನೀ ನನ್ನ ಕರಿಯೂದ ಬಿಡತಿದ್ದಿ."

ಇಲ್ಲ ಎನ್ನಲು ಅಖ್ತರಿ ಬಾಯಿ ತೆರೆದಳು. ಆದರೆ ಕರೆಯುವುದನ್ನು ಬಿಟ್ಟೇ ಬಿಡುತ್ತಿದ್ದಳು, ಅದು ಅವಳಿಗೆ ಗೊತ್ತಿತ್ತು.